ಗಡುವಿಗೆ ಮುಂಚೆ ಕರಿಮಾಳಿಗೆ ಬಿಟ್ಟವರು

"ಕೇಳಿರಿ, ಕರಿಮಾಳಿಗೆಯ ಬಾಡಿಗೆದಾರರೇ, ಕೇಳಿರಿ! ಗಡುವಿಗೆ ಮುಂಚೆ ಮನೆ ಬಿಡಬೇಕೆನ್ನುವವರು ನಾಳೆ ಬೆಳಗ್ಗೆ ಅಂಗಳಕ್ಕೆ ಬರತಕ್ಕದ್ದು. ಒಡೆಯರ ಮೂರು ಒಗಟು ಬಿಡಿಸಿದವರಿಗೆ ಹೆಬ್ಬಾಗಿಲು ತೆರೆಯುತ್ತದೆ. ತಪ್ಪಿದವರು ಕಲ್ಲುಕಂಬವಾಗಿ ಇಲ್ಲೇ ನಿಲ್ಲುತ್ತಾರೆ!"

ಡಂಗುರದವನು ಸಾರುತ್ತ ಹೋದಂತೆ ಒಂದೊಂದೇ ಬಾಗಿಲು ಮುಚ್ಚಿಕೊಂಡಿತು.

ಕರಿಮಾಳಿಗೆಯ ಒಡೆಯ ಕರಿಕುಂಭನೆಂಬ ರಕ್ಕಸ. ಬೇರೆಲ್ಲೂ ಮನೆ ಸಿಗದ ಬಡವರಿಗೆ ಅವನು ಕೋಣೆ ಕೊಡುತ್ತಿದ್ದ. ಕರಾರು ಹನ್ನೆರಡು ವರ್ಷದ್ದು. ಅದರಲ್ಲಿ ಇನ್ನೊಂದು ಮಾತೂ ಇತ್ತು: ಈ ಮನೆಯಲ್ಲಿ ಹುಟ್ಟಿದ ಮಗು ಮನೆಯೊಡೆಯನಿಗೆ ಸೇರಿದ್ದು. ಚಾಪೆ ಹೆಣೆಯುವ ಬೊಮ್ಮ ಹೊಸದಾಗಿ ಮದುವೆಯಾಗಿ ಬಂದಾಗ, ತಲೆಯ ಮೇಲೊಂದು ಸೂರು ಸಿಕ್ಕಿತಲ್ಲ ಎಂದು ಎಲ್ಲಕ್ಕೂ ಒಪ್ಪಿದ್ದ. ಈಗ ಅವನ ಹೆಂಡತಿ ತುಂಗವ್ವ ತುಂಬಿದ ಬಸುರಿ.

"ಹೋಗಬೇಡಿ. ನೀವು ಕಂಬವಾಗಿ ನಿಂತರೆ ನನ್ನ ಗತಿಯೇನು?" ಎಂದಳು.

"ಇಲ್ಲೇ ಇದ್ದರೆ ಮಗುವನ್ನು ಅವನ ಕೈಗೆ ಕೊಡಬೇಕಲ್ಲೇ."

ತುಂಗವ್ವ ಬಟ್ಟೆಬರೆಯ ಗಂಟು ಕಟ್ಟತೊಡಗಿದಳು.

ಬೆಳಗ್ಗೆ ಒಗಟು ಬಿಡಿಸಲು ಅಂಗಳಕ್ಕೆ ಬಂದವರು ಮೂವರೇ. ಸುತ್ತ ಮಾಳಿಗೆಯನ್ನು ಹೊತ್ತು ನಿಂತ ಕಂಬಗಳಿಗೆಲ್ಲ ಮುಖವಿತ್ತು. ಕೆಲವಕ್ಕೆ ಬಾಯಿ ಇನ್ನೂ ತೆರೆದೇ ಇತ್ತು.

ರಕ್ಕಸ ಮೊದಲ ಒಗಟು ಹೇಳಿದ. "ಬಾಗಿಲು ಹಾಕಿದರೆ ಒಳಗೆ ಬರುತ್ತಾನೆ, ತೆರೆದರೆ ಓಡುತ್ತಾನೆ. ಕೋಣೆಯ ತುಂಬ ಇದ್ದರೂ ಇನ್ನೊಬ್ಬರಿಗೆ ಜಾಗ ಬಿಟ್ಟಿರುತ್ತಾನೆ. ಯಾರವನು?"

"ಹೊಗೆ!" ಎಂದ ಎಣ್ಣೆ ವ್ಯಾಪಾರಿ ಮಾದಪ್ಪ. ಅವನ ಕಾಲು ನೆಲಕ್ಕೆ ಅಂಟಿತು. ಕೂಗು ಗಂಟಲಲ್ಲೇ ಕಲ್ಲಾಯಿತು.

"ಗಾ... ಗಾಳಿ," ಎಂದ ಪೈಲ್ವಾನ್ ಹುಲಿಯಣ್ಣ. ಅವನೂ ಕಲ್ಲಾದ.

ಬೊಮ್ಮನಿಗೆ ಓಡೋಣವೆಂದರೆ ಹೆಬ್ಬಾಗಿಲು ಹಾಕಿತ್ತು. ಗಂಟು ಹಿಡಿದು ನಿಂತ ತುಂಗವ್ವನನ್ನೊಮ್ಮೆ ನೋಡಿ ಹೇಳಿದ, "ಕತ್ತಲೆ. ಬಾಗಿಲು ಹಾಕಿದರೆ ತುಂಬಿಕೊಳ್ಳುತ್ತದೆ, ತೆರೆದರೆ ಇರುವುದಿಲ್ಲ. ಅದರೊಳಗೇ ನಾವೂ ಇರುತ್ತೇವೆ."

ರಕ್ಕಸ ಹಲ್ಲು ಕಡಿದ. "ಎಲ್ಲರೂ ಹೋದ ಮೇಲೆ ಬಾಯಿ ಮುಚ್ಚಿ ಮನೆ ಕಾಯುತ್ತಾನೆ. ಊರು ಸುತ್ತಿ ಬಂದ ಹೆಂಡತಿ ಒಳಗೆ ಹೊಕ್ಕು ತಿರುಗಿದರೆ ಮಾತ್ರ ಬಾಯಿ ಬಿಡುತ್ತಾನೆ."

"ಬೀಗ. ಅವನ ಹೆಂಡತಿ ಬೀಗದ ಕೈ," ಎಂದ ಬೊಮ್ಮ.

ಕರಿಕುಂಭ ಎದ್ದು ಬಂದು ಅವನ ಮುಖದ ಹತ್ತಿರವೇ ಬಗ್ಗಿದ. "ಒಬ್ಬ ಬಾಡಿಗೆದಾರ. ಮನೆಯೊಡತಿ ಉಂಡದ್ದನ್ನೇ ಉಣ್ಣುತ್ತಾನೆ, ಅವಳ ಮುಖ ಮಾತ್ರ ಕಂಡಿಲ್ಲ. ಹೊರಡುವ ಹೊತ್ತು ಬಂದರೆ ಯಾರು ತಡೆದರೂ ನಿಲ್ಲುವುದಿಲ್ಲ. ಹೊರಗೆ ಬಂದವನು ತಾನು ಅಳುತ್ತಾನೆ, ಉಳಿದವರು ನಗುತ್ತಾರೆ. ಹೇಳೋ!"

ಬೊಮ್ಮನಿಗೆ ಏನೂ ಹೊಳೆಯಲಿಲ್ಲ. ಪಾದ ತಣ್ಣಗಾಯಿತು. ಬೆರಳು ಅಲುಗಿಸಿದ, ಅಲುಗಲಿಲ್ಲ. ಆ ತಂಪು ಮೊಣಕಾಲಿನವರೆಗೂ ಏರಿತು.

"ಅಮ್ಮಾ!" ಎಂದು ತುಂಗವ್ವ ಚೀರಿದಳು. ಗಂಟು ಕೆಳಗೆ ಬಿತ್ತು. ಎರಡೂ ಕೈಯಲ್ಲಿ ಹೊಟ್ಟೆ ಹಿಡಿದು ಕುಸಿದಳು.

"ಮಗು!" ಎಂದು ಬೊಮ್ಮ ಕೂಗಿದ. ಹೆಂಡತಿಯನ್ನು ನೋಡಿ ಕೂಗಿದ್ದು. ಕೂಗಿದ ಮೇಲೆಯೇ ಅದು ಉತ್ತರವೆಂದು ತಿಳಿದದ್ದು. "ಮಗು! ತಾಯಿಯ ಹೊಟ್ಟೆಯೇ ಮನೆ. ಅವಳು ಉಂಡದ್ದೇ ಅದಕ್ಕೆ ಊಟ. ದಿನ ತುಂಬಿದ ಮೇಲೆ ತಡೆಯುವವರಿಲ್ಲ. ಹುಟ್ಟಿದ ಕೂಡಲೇ ಅದು ಅಳುತ್ತದೆ, ನಾವು ನಗುತ್ತೇವೆ!"

ಕಾಲಿಗೆ ಬಿಸಿ ಮರಳಿತು. ಹೆಬ್ಬಾಗಿಲು ತಾನಾಗಿ ಕಿರುಗುಟ್ಟಿತು.

"ಗೆದ್ದವನಿಗೆ ಒಂದು ವರವುಂಟು," ಎಂದು ಗೊಣಗಿದ ರಕ್ಕಸ. "ಚಿನ್ನವೋ, ಗದ್ದೆಯೋ? ಬೇಗ ಕೇಳು."

"ಈ ಕಂಬಗಳನ್ನೆಲ್ಲ ಮನೆಗೆ ಕಳಿಸು."

ತುಂಗವ್ವನನ್ನು ಎತ್ತಿಕೊಂಡು ಹೊಸಿಲು ದಾಟುವಾಗ ಬೊಮ್ಮ ಹಿಂತಿರುಗಿ ನೋಡಲಿಲ್ಲ. ಹಿಂದೆ ಕಂಬವಾಗಿದ್ದವರೂ ಕೋಣೆಗಳಲ್ಲಿದ್ದವರೂ ನೂರಾರು ಜನ ಕೆಮ್ಮುತ್ತ, ಅಳುತ್ತ ಓಡಿಬರುವ ಸದ್ದು ಕೇಳಿತು. ಕಂಬಗಳಿಲ್ಲದ ಮಾಳಿಗೆ ಒಡೆಯನ ತಲೆಯ ಮೇಲೆಯೇ ಕುಸಿಯಿತು.

ರಸ್ತೆಬದಿಯ ಮಂಟಪದಲ್ಲಿ ತುಂಗವ್ವ ಹೆಣ್ಣು ಹೆತ್ತಳು. ಪಕ್ಕದ ಊರಿನ ಮುದುಕಿ ಚೆನ್ನಾಜಮ್ಮ ಬಿಸಿನೀರು ತಂದಳು. ತನ್ನ ಮನೆಯ ಹಿಂಭಾಗದ ಕೋಣೆ ಖಾಲಿಯಿದೆ, ಬಂದು ಇರಿ ಎಂದಳು.

ಬೊಮ್ಮ ಆ ಮನೆಯ ಬಾಗಿಲಲ್ಲೇ ನಿಂತ. ಒಳಗೆ ಕಾಲಿಡಲು ಧೈರ್ಯ ಬರಲಿಲ್ಲ. "ಅಜ್ಜೀ, ನಡುವೆ ಬಿಟ್ಟು ಹೋಗಬೇಕೆಂದರೆ?"

"ಹೋಗುವವರನ್ನು ಯಾರಪ್ಪಾ ಹಿಡಿದುಕೊಳ್ಳುತ್ತಾರೆ?" ಎಂದಳು ಮುದುಕಿ. "ಮುಂಚೆ ಒಂದು ಮಾತು ಹೇಳು, ಸಾಕು. ಮೊದಲು ಮಗೂನ ಒಳಗೆ ಕರೆದುಕೊಂಡು ಬಾ, ಚಳಿ."