ಬೊಕ್ಕೆಗೆ ‘ಬಾ’ ಅಂದವರು ಯಾರು?

ಲೋಕ ಆಗಷ್ಟೇ ಒಲೆಯಿಂದ ಇಳಿಸಿದ ರಾಗಿಮುದ್ದೆಯ ಹಾಗೆ ಬಿಸಿಯಾಗಿ, ಮೆತ್ತಗೆ ಇದ್ದ ಕಾಲ. ಆಗ ಆಡಿದ ಮಾತು ಹಾಗೇ ಹಾರಿಹೋಗುತ್ತಿರಲಿಲ್ಲ. ಮುದ್ದೆಯ ಮೇಲೆ ಬೆರಳಿಟ್ಟ ಹಾಗೆ ಅಚ್ಚು ಬಿದ್ದು ಉಳಿದುಬಿಡುತ್ತಿತ್ತು. ಹಾಗಾಗಿ ಬಾಯಿ ಬಿಡುವವರು ಸ್ವಲ್ಪ ನೋಡಿಕೊಂಡು ಬಿಡಬೇಕಿತ್ತು. ಯಾರೂ ನೋಡಿಕೊಳ್ಳುತ್ತಿರಲಿಲ್ಲ, ಆ ಮಾತು ಬೇರೆ.

ಆ ಕಾಲದಲ್ಲಿ ಒಂದು ಬಂಡೆಯ ಬಿರುಕಿನಲ್ಲಿ ಬೊಕ್ಕೆ ಎಂಬ ಜೀವ ಇತ್ತು. ಗಸಗಸೆ ಕಾಳನ್ನು ಸಾವಿರ ಚೂರು ಮಾಡಿದರೆ ಅದರಲ್ಲೊಂದು ಚೂರು ಎಷ್ಟೋ ಅಷ್ಟು. ಕಾಲಿಲ್ಲ, ರೆಕ್ಕೆಯಿಲ್ಲ. ಆಸೆ ಮಾತ್ರ ಊರಗಲ. ಮನೆಮನೆಗೂ ಹೋಗಬೇಕು, ಮಕ್ಕಳ ಮೈಮೇಲೆ ಕೂರಬೇಕು, ಒಂದರಿಂದ ನೂರಾಗಬೇಕು.

ಕರೆದುಕೊಂಡು ಹೋಗ್ತೀಯಾ ಅಂತ ಅದು ಹೊಳೆಯನ್ನು ಕೇಳಿತು. ನನ್ನ ನೀರಿಗೆ ಬಿದ್ದರೆ ನೀನು ಉಳಿಯೋದಿಲ್ಲ ಅಂದಳು ಹೊಳೆ. ಕರೆದುಕೊಂಡು ಹೋಗ್ತೀಯಾ ಅಂತ ಮಳೆಯನ್ನು ಕೇಳಿತು. ನಾನು ಎತ್ತುವವಳಲ್ಲ, ಕೆಡವುವವಳು ಅಂದಳು ಮಳೆ.

ಕೊನೆಗೆ ಒಣಗಾಳಿಯನ್ನು ಕೇಳಿತು. ಚಳಿ ಮುಗಿದು ಬಿಸಿಲು ಬಲಿಯುವ ಹೊತ್ತಿಗೆ ಊರೂರು ಸುತ್ತುವವನು ಅವನು. ಕೆಟ್ಟವನೇನಲ್ಲ. ಆದರೆ ಬೇಡ ಅನ್ನುವ ಮಾತು ಅವನ ಬಾಯಿಗೆ ಬಂದದ್ದೇ ಇಲ್ಲ. ಎಲೆ ಕೊಟ್ಟರೆ ಎಲೆ ಹೊರುವನು, ಧೂಳು ಕೊಟ್ಟರೆ ಧೂಳು.

“ಹತ್ಕೋ” ಅಂದ.

ಬೊಕ್ಕೆ ಹತ್ತಿಕೊಂಡಿತು.

ಗಾಳಿ ಅದನ್ನು ಬೆಟ್ಟದ ಬುಡದ ಒಂದು ಹಟ್ಟಿಗೆ ತಂದ. ಇಪ್ಪತ್ತು ಗುಡಿಸಲ ಪುಟ್ಟ ಹಟ್ಟಿ. ಆಗ ಒಕ್ಕಣೆಯ ಕಾಲ. ದೊಡ್ಡವರೆಲ್ಲ ಕಣದಲ್ಲಿ ರಾಗಿ ತೂರುತ್ತಿದ್ದರು. ಮಕ್ಕಳು ಬಣವೆಯ ನೆರಳಿನಲ್ಲಿ ಒಬ್ಬರ ಮೇಲೊಬ್ಬರು ಬಿದ್ದು ಹೊರಳಾಡುತ್ತಿದ್ದರು. ಬೊಕ್ಕೆಗೆ ಇಷ್ಟು ದೊಡ್ಡ ಪಂಕ್ತಿ ಸಿಗುತ್ತದೆಂದು ಕನಸಿನಲ್ಲೂ ಗೊತ್ತಿರಲಿಲ್ಲ.

ಮೊದಲು ಮಲಗಿದವಳು ತಿಪ್ಪಿ. ಒಂಬತ್ತು ವರ್ಷದವಳು, ಕೂತಲ್ಲಿ ಕೂರದವಳು. ಮೈ ಕೆಂಡವಾಯಿತು, ಮರುದಿನ ಮೈತುಂಬ ನೀರಿನ ಹನಿಯಂಥ ಗುಳ್ಳೆ. ಅವಳ ಹಿಂದೆ ಹಟ್ಟಿಯ ಹದಿನೇಳು ಮಕ್ಕಳು, ಅವರ ಹಿಂದೆ ದೊಡ್ಡವರು. ಯಾರೂ ಹಿಂದೆಂದೂ ಕಂಡ ಕಾಯಿಲೆಯಲ್ಲ, ಹಾಗಾಗಿ ಯಾರನ್ನೂ ಬಿಡಲಿಲ್ಲ. ಕೆರೀಬೇಡ ಅನ್ನುವುದನ್ನು ಬಿಟ್ಟರೆ ಬೇರೆ ಮಾತೇ ಹಟ್ಟಿಯಲ್ಲಿ ಕೇಳಿಸದಂತಾಯಿತು. ಕೊನೆಯ ಗುಡಿಸಲ ಕೂಸು ಎಂಟು ದಿನ ಕಣ್ಣೇ ತೆರೆಯದೆ ಮಲಗಿತ್ತು. ಒಂಬತ್ತನೆಯ ದಿನ ಅದು ಅತ್ತಾಗ ಇಡೀ ಹಟ್ಟಿ ಅತ್ತಿತು.

ಬರಬರುತ್ತ ಗುಳ್ಳೆ ಒಣಗಿ ಹೊಪ್ಪಳೆ ಉದುರಿತು. ಬೊಕ್ಕೆಗೆ ಕೂರಲು ಹೊಸ ಮೈ ಉಳಿಯಲಿಲ್ಲ. ಮೋಡವೂ ಕಟ್ಟತೊಡಗಿತ್ತು. ಅದು ಗಾಳಿಯ ಬೆನ್ನೇರಿ ಹೊರಟು ನಿಂತಿತು.

ಈಗ ಒಂದು ವಿಷಯ ಹೇಳಬೇಕು. ನಮ್ಮ ಸೀಮೆಯಲ್ಲಿ ಹೊರಟವರಿಗೆ ‘ಹೋಗು’ ಅಂತ ಯಾರೂ ಅನ್ನುವುದಿಲ್ಲ. ಹೋಗಿ ಬಾ ಅನ್ನುತ್ತಾರೆ. ಹೊರಟವರೂ ಹೋಗ್ತೀನಿ ಅನ್ನದೆ ಬರ್ತೀನಿ ಅನ್ನುತ್ತಾರೆ. ತಿಪ್ಪಿಯ ಅಜ್ಜಿ ದ್ಯಾಮಜ್ಜಿಗಂತೂ ಅದು ಉಸಿರಾಡಿದಷ್ಟೇ ರೂಢಿ. ಬೆಟ್ಟದಿಂದ ಇಳಿದು ಅಡುಗೆಮನೆಗೆ ನುಗ್ಗಿ ಜೇನಿನ ಗಡಿಗೆ ನೆಕ್ಕಿದ ಕರಡಿಗೂ ಬಾಗಿಲವರೆಗೆ ಬಂದು ಹೋಗಿ ಬಾರಪ್ಪ ಅಂದವಳು.

ದ್ಯಾಮಜ್ಜಿ ಹಟ್ಟಿಯ ಬಾಗಿಲಲ್ಲಿ ನಿಂತಿದ್ದಳು. ಮುಖದ ತುಂಬ ಇನ್ನೂ ಉದುರದ ಹೊಪ್ಪಳೆ. ಬೊಕ್ಕೆ ಹೊರಟದ್ದು ಕಂಡಿತು. ಕೈ ತಾನಾಗಿ ಮೇಲೆದ್ದಿತು.

“ಹೋಗಿ ಬಾರಪ್ಪ” ಅಂದಳು.

ಅಂದವಳೇ ನಾಲಗೆ ಕಚ್ಚಿಕೊಂಡಳು. ಏನು ಪ್ರಯೋಜನ? ಲೋಕದ ಮೇಲೆ ಅಚ್ಚು ಬಿದ್ದಾಗಿತ್ತು.

ಅಲ್ಲೇ ಪಕ್ಕದ ತಮ್ಮ ಗುಡಿಸಲಲ್ಲಿ ಚಾಪೆಯ ಮೇಲಿದ್ದ ತಿಪ್ಪಿಗೆ ಇದು ಕೇಳಿಸಿತು. ಇನ್ನೂ ಬೆನ್ನು ತುರಿಸುತ್ತಿತ್ತು. ಇಷ್ಟು ದಿನ ಗೋಳಾಡಿಸಿದ್ದಕ್ಕೆ ಉಪಚಾರ ಬೇರೆ. ಅವಳು ಎದ್ದು ಅಜ್ಜಿಯ ಪಕ್ಕಕ್ಕೆ ಬಂದು ಒಂದೇ ಮಾತು ಅಂದಳು.

“ಹೋಗು.”

ಅಜ್ಜಿ ತೊಡೆ ಚಿವುಟಿದಳು. ಹೊರಟವರಿಗೆ ಹಾಗನ್ನುತ್ತಾರಾ, ನಾಯಿ ಅಟ್ಟಿದ ಹಾಗೆ, ಅಂತ ಬೈದಳು. ತಿಪ್ಪಿ ಇನ್ನೊಂದು ಸಲ ಅಂದಳು. ಆಡಬಾರದ ಮಾತೊಂದು ಆಡಲು ಸಿಕ್ಕಿತೆಂಬ ಖುಷಿಯಲ್ಲಿ ಗುಡಿಸಲು ಗುಡಿಸಲಿನಿಂದ ಮಕ್ಕಳೆಲ್ಲ ಹೋಗು, ಹೋಗು ಅಂತ ಕೂಗಿದರು. ಒಬ್ಬೊಬ್ಬರ ಮಾತೂ ಗುಳ್ಳೆ ಒಣಗಿ ಇನ್ನೂ ಮೆತ್ತಗಿದ್ದ ಅವರವರ ಮೈಮೇಲೇ ಅಚ್ಚು ಬಿದ್ದಿತು, ಎಳ್ಳು ಗಾತ್ರದ ಒಂದು ಗುಳಿಯಾಗಿ. ತಿಪ್ಪಿಗೆ ಹುಬ್ಬಿನ ಪಕ್ಕ ಬಿದ್ದಿತು.

ವರ್ಷ ಕಳೆಯಿತು. ತಿಪ್ಪಿಗೊಬ್ಬ ತಮ್ಮ ಹುಟ್ಟಿ ಏಳು ತಿಂಗಳಾಗಿತ್ತು. ಬೇವು ಚಿಗುರಿತು, ಒಣಗಾಳಿ ಎದ್ದ, ಅವನ ಬೆನ್ನ ಮೇಲೆ ಬೊಕ್ಕೆ ಬಂದಿತು. ನೇರ ತಿಪ್ಪಿಯ ಮನೆಗೇ.

“ಅಜ್ಜಿ ಬಾ ಅಂದಿದ್ರಲ್ಲ, ಬಂದೆ” ಅಂದಿತು.

ದ್ಯಾಮಜ್ಜಿ ಮೂಲೆಯಲ್ಲಿ ಕೂತು ತಲೆ ಎತ್ತಲಿಲ್ಲ. ಹಿರಿಯರು ಸೇರಿದರು. ಕೊಟ್ಟ ಮಾತು ಹಿಂದಕ್ಕೆ ತಗೊಳ್ಳುವ ಹಾಗಿಲ್ಲ ಅಂದರು. ನಾವೆಲ್ಲ ಉಳಿದೆವಲ್ಲ, ಇವನೂ ಉಳಿದಾನು ಅಂತ ಒಬ್ಬರು ತಾಂಬೂಲ ಜಗಿಯುತ್ತ ಅಂದರು. ಜಗಿಯುವ ಬಾಯಿಗೆ ಧೈರ್ಯ ಜಾಸ್ತಿ. ಕಣ್ಣು ತೆರೆಯದೆ ಮಲಗಿದ್ದ ಕೊನೆಯ ಗುಡಿಸಲ ಕೂಸು ತಿಪ್ಪಿಗೆ ನೆನಪಿತ್ತು. ಅವಳು ಹೋಗಿ ಹೊಸ್ತಿಲ ಮೇಲೆ ನಿಂತಳು.

“ಅಜ್ಜಿ ಬಾ ಅಂದಿದ್ದು ಹಟ್ಟಿಗೆ. ಹಟ್ಟಿಗೆ ಬಂದಾಯ್ತು. ಮೈಗೆ ಬಾ ಅಂತ ನಿನಗೆ ಯಾರು ಅಂದ್ರು?”

“ನಿನ್ನ ತಮ್ಮ ಬೇಡ ಅಂದಿಲ್ಲವಲ್ಲ.”

“ಅವನಿಗೆ ಅವ್ವ ಅನ್ನೋಕೇ ಬರಲ್ಲ.”

“ಅದಕ್ಕೆ ನಾನೇನು ಮಾಡಲಿ?”

“ನೀನೇನೂ ಮಾಡಬೇಡ” ಅಂದಳು ತಿಪ್ಪಿ. “ಅವನಿಗೆ ಮಾತು ಬರೋವರೆಗೆ ನಾವು ಆಡ್ತೀವಿ.”

ಅವಳು ಮಕ್ಕಳನ್ನು ಕರೆದಳು. ಹದಿನೇಳೂ ಮಕ್ಕಳು ಬಂದರು. ತೊಟ್ಟಿಲ ಸುತ್ತ ಭುಜಕ್ಕೆ ಭುಜ ತಾಗಿಸಿ ನಿಂತರು. ಬೊಕ್ಕೆ ನಗುತ್ತ ತಿಪ್ಪಿಯ ಮೈಮೇಲೆ ಹಾರಿತು. ಹುಬ್ಬಿನ ಪಕ್ಕದ ಗುಳಿಯಿಂದ ಹೋಗು ಅನ್ನುವ ಮಾತು ಎದ್ದು ಬಂದು ಅದನ್ನು ಜಾಡಿಸಿತು. ಪಕ್ಕದವನ ಮೇಲೆ ಹಾರಿತು. ಅಲ್ಲೂ ಹೋಗು. ಅವನ ಪಕ್ಕದವಳ ಮೇಲೆ ಹಾರಿತು. ಅಲ್ಲೂ ಹೋಗು. ಸುತ್ತು ಹಾಕಿ ಹಾಕಿ ಬೊಕ್ಕೆ ಸೋತಿತು. ತೊಟ್ಟಿಲು ಗೇಣು ದೂರದಲ್ಲಿತ್ತು, ಅಲ್ಲಿಗೆ ಹೋಗಲು ಮಾತ್ರ ಒಂದು ಮೈಯೂ ದಾರಿ ಕೊಡಲಿಲ್ಲ.

ಇವರ ತಲೆಯ ಮೇಲಿಂದ ಎತ್ತಿ ಹಾಕು ಅಂತ ಅದು ಗಾಳಿಗೆ ಹೇಳಿತು. ಗಾಳಿ ಬೀಸಿದ. ಮಕ್ಕಳ ಕಣ್ಣಿಗೆ ಧೂಳು, ಮೂಗಿಗೆ ಹೊಟ್ಟು. ನಿನಗೆ ನಾಚಿಕೆ ಆಗಲ್ವಾ ಅಂತ ತಿಪ್ಪಿ ಗಾಳಿಯ ಮೇಲೆ ಹರಿಹಾಯ್ದಳು. ಬೀಸೋದು ಬಿಟ್ಟು ನನಗೆ ಬೇರೆ ಏನು ಬರುತ್ತೆ ತಾಯಿ ಅಂತ ಅವನು ಅಳುಮೋರೆ ಮಾಡಿದ. ಒಂದು ಕಡೆ ಇಬ್ಬರ ಭುಜ ಬೇರೆಯಾಗಿ ಸಂದು ಬಿಟ್ಟಿತು. ಬೊಕ್ಕೆ ಅದನ್ನು ನೋಡಿತು.

ಆ ಸಂದಿನಲ್ಲಿ ಯಾರೋ ಬಂದು ನಿಂತರು. ದ್ಯಾಮಜ್ಜಿ. ಬಾಯಿ ತೆರೆದಳು. ಅರವತ್ತು ವರ್ಷದ ರೂಢಿ ನಾಲಗೆಗೆ ಅಡ್ಡ ಕೂತಿತ್ತು. ತಿಪ್ಪಿ ತಿರುಗಿ ನೋಡಲಿಲ್ಲ, ಅಜ್ಜಿಯ ಕೈ ಮಾತ್ರ ಗಟ್ಟಿಯಾಗಿ ಹಿಡಿದುಕೊಂಡಳು.

“ಹೋಗಪ್ಪ” ಅಂದಳು ಅಜ್ಜಿ.

ಅಪ್ಪ ಅನ್ನುವುದನ್ನು ಬಿಡಲಿಕ್ಕೆ ಅವಳಿಗೆ ಕೊನೆಗೂ ಆಗಲಿಲ್ಲ. ಆದರೆ ಬಾ ಅನ್ನುವುದನ್ನು ಬಿಟ್ಟಿದ್ದಳು. ಸಂದು ಮುಚ್ಚಿತು.

ಅವತ್ತಿಗೆ ಮುಗಿಯಲಿಲ್ಲ. ದಿನಾ ಗಾಳಿ ಎದ್ದ, ದಿನಾ ಬೊಕ್ಕೆ ಬಂದಿತು, ದಿನಾ ಅವರು ನಿಂತರು. ಪಾಳಿ ಹಾಕಿಕೊಂಡು ಗಂಜಿ ಕುಡಿದು ಬಂದು ನಿಂತರು. ಒಂದು ಮಧ್ಯಾಹ್ನ ಮೋಡ ಒಡೆದು ಭರಣಿ ಮಳೆ ಸುರಿಯಿತು. ಮಳೆ ತಾನು ಹೇಳಿದ್ದನ್ನೇ ಮಾಡಿದಳು. ಧೂಳನ್ನು ಕೆಡವಿದಳು, ಗಾಳಿಯನ್ನು ತೋಯಿಸಿದಳು, ಅವನ ಬೆನ್ನಿಂದ ಬೊಕ್ಕೆಯನ್ನು ಇಳಿಸಿದಳು. ತೊಟ್ಟಿಲಲ್ಲಿ ಕೂಸು ಇಷ್ಟು ಮುಖಗಳನ್ನು ಒಟ್ಟಿಗೆ ಕಂಡ ಖುಷಿಗೆ ಕೇಕೆ ಹಾಕುತ್ತಿತ್ತು. ಅದರ ಮೈಮೇಲೆ ಒಂದು ಗುಳ್ಳೆಯೂ ಇರಲಿಲ್ಲ.

ಬಂಡೆಯ ಬಿರುಕಿಗೆ ಹಿಂದಿರುಗುವಾಗ ಬೊಕ್ಕೆ ಅಂದಿತು, ಅಜ್ಜಿಯ ಮೊದಲ ಮಾತು ಅಳಿಸಿಲ್ಲ, ವರ್ಷ ವರ್ಷ ಬರ್ತೀನಿ ಅಂತ.

“ನಾವು ಇಲ್ಲೇ ಇರ್ತೀವಿ” ಅಂದಳು ತಿಪ್ಪಿ.

ಆ ಮಾತೂ ಅಚ್ಚು ಬಿದ್ದಿತು.

ಅದಕ್ಕೇ, ಶಿವರಾತ್ರಿ ಕಳೆದು ಒಣಗಾಳಿ ಏಳುತ್ತಲೇ ನಿಮ್ಮ ತರಗತಿಯಲ್ಲಿ ಎರಡು ಮೂರು ಜಾಗ ಖಾಲಿಯಾಗುವುದು, ಸೀತಾಳೆ ಸಿಡುಬಂತೆ ಅಂತ ಟೀಚರು ಹೇಳುವುದು, ಮಳೆ ಬಿದ್ದ ಮೇಲೆ ಆ ಜಾಗಗಳೆಲ್ಲ ತುಂಬುವುದು. ಮತ್ತೆ ಬಂದವರ ಮುಖದ ಮೇಲೆ ಎಳ್ಳು ಗಾತ್ರದ ಗುಳಿಯೊಂದು ಕಂಡರೆ ಅಯ್ಯೋ ಅನ್ನಬೇಡಿ, ಅಲ್ಲಿ ಬರೆದಿರುವುದು ‘ಹೋಗು’ ಅಂತ.