ಬಂಡೆ ಮಣ್ಣಾಗುವವರೆಗೆ

"ಗುರುಗಳೇ, ಸಿಟ್ಟಿನಲ್ಲಿ ಆಡಿದ್ದಾದರೂ ಮಾತು ಮಾತೇ ಅಲ್ಲವೇ? ಉಳಿಸಿಕೊಳ್ಳಲೇಬೇಕಲ್ಲವೇ?" ಎಂದು ಶಿಷ್ಯ ಅಡಿವೆಯ್ಯ ಕೇಳಿದ.

"ಉತ್ತರವನ್ನೂ ನೀನೇ ಕಟ್ಟಿಕೊಂಡು ಬಂದಿದ್ದೀಯಲ್ಲಯ್ಯಾ! ಇರಲಿ, ಕೂತುಕೊ" ಎಂದು ಗುರುಗಳು ಕತೆ ಹೇಳಿದರು.

ಒಬ್ಬ ಕುರಿಗಾರನಿದ್ದ. ಹೆಂಡತಿ ಇರಲಿಲ್ಲ, ಒಬ್ಬಳೇ ಮಗಳು. ಅವಳು ತಾನು ಮೆಚ್ಚಿದವನ ಜೊತೆ ಹೊರಟು ನಿಂತಳು. ಕುರಿಗಾರನಿಗೆ ಸಿಟ್ಟು ನೆತ್ತಿಗೇರಿತು. ಗುಡ್ಡದ ಮೇಲೆ ಅಪ್ಪ ಮಗಳು ಇಬ್ಬರೇ ಇದ್ದರು. ದೊಡ್ಡಿಯ ಪಕ್ಕದ ಆಳೆತ್ತರದ ಬಂಡೆ ತೋರಿಸಿ, "ಇದು ಮಣ್ಣಾಗುವವರೆಗೆ ನಿನ್ನ ಮುಖ ನೋಡುವುದಿಲ್ಲ, ಹೋಗು" ಎಂದ. ಅವಳು ಹೋದಳು.

ಆರು ತಿಂಗಳಿಗೆ ಸಿಟ್ಟು ಇಳಿಯಿತು. ಮಗಳು ಬೇಕೆನಿಸಿತು. ಆದರೆ ಆಡಿದ ಮಾತು ಅಡ್ಡ ನಿಂತಿತ್ತು. ಪುಣ್ಯಾತ್ಮ, ಮಾತನ್ನು ಬಿಡುವ ಬದಲು ಬಂಡೆಗೇ ಕೈ ಹಾಕಿದ!

ಬಿಸಿಲಿಗೆ ಕಾದ ಬಂಡೆ ಮಳೆಗೆ ತಣಿದಾಗ ಪದರ ಬಿಡುವುದನ್ನು ಅವನು ಕಂಡಿದ್ದ. ಬರೀ ಮಳೆಬಿಸಿಲನ್ನು ನಂಬಿ ಕೂತರೆ ತನ್ನ ಆಯುಸ್ಸು ಸಾಲದು ಎಂಬುದೂ ಗೊತ್ತಿತ್ತು. ಅದಕ್ಕೆ ಸೌದೆ ಒಟ್ಟಿ ಬೆಂಕಿ ಹಾಕಿದ, ಕಾದ ಮೇಲೆ ತಣ್ಣೀರು ಸುರಿದ. ಬೆಂಕಿಗೆ ಬಗ್ಗದ ಕಡೆ ಬಿರುಕಿನಲ್ಲಿ ಅತ್ತಿಯ ಸಸಿ ನೆಟ್ಟು, ಬೇರು ಇಳಿದು ಸೀಳಲಿ ಎಂದು ವರ್ಷಗಟ್ಟಲೆ ಕಾದ. ಉದುರಿದ ಚಕ್ಕೆಗಳನ್ನು ಕುಟ್ಟಿ ಪುಡಿ ಮಾಡಿದ. ಜನ ತಲೆ ಕೆಟ್ಟಿದೆ ಎಂದು ನಕ್ಕರು. ಯಾಕೆಂದು ಅವನು ಯಾರಿಗೂ ಹೇಳಲಿಲ್ಲ. ಹೀಗೆ ಹತ್ತೊಂಬತ್ತು ವರ್ಷ ಕಳೆದವು.

ಕೊನೆಯ ಕಲ್ಲೂ ಪುಡಿಯಾದ ದಿನ ಒಂದು ಬುಟ್ಟಿ ಮಣ್ಣು ತುಂಬಿಕೊಂಡು ಮಗಳ ಊರಿಗೆ ಓಡಿದ. ಬಾಗಿಲಲ್ಲಿ ಅಳಿಯ ನಿಂತಿದ್ದ.

"ಎಲ್ಲಪ್ಪಾ ನನ್ನ ಮಗಳು?"

"ತಡ ಮಾಡಿದಿರಿ, ಮಾವ. ಹೋದ ಕಾರ್ತಿಕದಲ್ಲಿ ತೀರಿಕೊಂಡಳು. ಪ್ರತಿ ಪಂಚಮಿಗೂ ತವರು ನೆನೆದು ಗುಡ್ಡದ ಬುಡದವರೆಗೆ ಬರುತ್ತಿದ್ದಳು. ನೀವು ಬಂಡೆಯನ್ನು ಬಡಿಯುತ್ತಿರುವುದನ್ನು ನೋಡಿ, ಅಪ್ಪನ ಸಿಟ್ಟು ಇನ್ನೂ ಇಳಿದಿಲ್ಲ ಎಂದು ಅಳುತ್ತಾ ಹಿಂದಿರುಗುತ್ತಿದ್ದಳು."

ಕುರಿಗಾರ ಅಲ್ಲೇ ಕುಸಿದು ಕೂತ. ಹಳ್ಳಿಯೆಲ್ಲ ಕೇಳುವಂತೆ ಅತ್ತ.

ಗುರುಗಳು ಕತೆ ನಿಲ್ಲಿಸಿದರು. ಅಡಿವೆಯ್ಯ ಮೆಲ್ಲಗೆ, "ಏನೇ ಆಗಲಿ, ಮಾತಂತೂ ಉಳಿಯಿತಲ್ಲ ಗುರುಗಳೇ" ಎಂದ.

"ಉಳಿಯಿತಯ್ಯಾ. ಅದನ್ನು ಕೇಳಿಸಿಕೊಂಡಿದ್ದವಳು ಅವಳೊಬ್ಬಳೇ."