ಚಳಿಗಾಲದ ಮೀನಿನ ಹೊಟ್ಟೆ

"ಗುರುಗಳೇ, ಆ ಊರಿನ ಧಣಿ ಆಳುಗಳನ್ನು ಗೋಳಾಡಿಸುತ್ತಾನೆ ಎನ್ನುತ್ತಾರೆ. ನಾನೇ ಹೋಗಿ ಕಣ್ಣಾರೆ ನೋಡಿ ಬಂದೆ. ಒಬ್ಬ ಆಳೂ ದೂರಲಿಲ್ಲ. ಆದರೂ ನೀವೇಕೆ ನಂಬುವುದಿಲ್ಲ?" ಎಂದು ಶಿಷ್ಯ ಕೇಳಿದ.

ಗುರು ಹೇಳಿದರು:

ಹೊಳೆಯ ದಂಡೆಯಲ್ಲಿ ಒಬ್ಬ ವ್ಯಾಪಾರಿ ಬಟ್ಟೆಗೆ ಬಣ್ಣ ಹಾಕಿಸುತ್ತಿದ್ದ. ಮಿಕ್ಕ ಬಣ್ಣದ ನೀರೆಲ್ಲ ಹೊಳೆಗೇ. ಅಲ್ಲಿಂದ ಕೆಳಗೆ ಒಬ್ಬ ಮೀನುಗಾರ್ತಿ ಬಲೆ ಬೀಸುತ್ತಿದ್ದಳು. ಮುಂಗಾರಿನಲ್ಲಿ ಹೊಟ್ಟೆ ಬಿರಿಯುವಷ್ಟು ಮೊಟ್ಟೆ ಹೊರುತ್ತಿದ್ದ ಬೆರಳುದ್ದದ ಮೀನುಗಳು ಅವಳ ಪಾಲಿನ ನೀರಿನಲ್ಲಿ ಮೊಟ್ಟೆ ಕಟ್ಟುವುದನ್ನೇ ಬಿಟ್ಟವು. ಮರಿಯೇ ಇಲ್ಲದ ಮೇಲೆ ಬಲೆಗೆ ಬೀಳುವುದೇನು? ಒಲೆ ಆರುವ ಹೊತ್ತಿಗೆ ಅವಳು ಅರಸನಿಗೆ ದೂರು ಕೊಟ್ಟಳು.

ಆ ನಾಡಿನಲ್ಲೊಂದು ಕಟ್ಟಳೆ ಇತ್ತು. ಪರೀಕ್ಷಕ ಬಂದು ಬಣ್ಣ ಸೇರುವ ಜಾಗಕ್ಕಿಂತ ಮೇಲಿನ ನೀರಿನ ಮೀನನ್ನೂ ಕೆಳಗಿನ ನೀರಿನ ಮೀನನ್ನೂ ಕೊಯ್ದು ನೋಡಬೇಕು. ಮೇಲಿನವು ಬಸುರಿ, ಕೆಳಗಿನವು ಬರಿದು ಎಂದಾದರೆ ವ್ಯಾಪಾರಿ ಬಣ್ಣದ ಕೊಪ್ಪರಿಗೆ ಕವುಚಬೇಕು.

ಪರೀಕ್ಷಕ ಬಂದ. ಬಂದದ್ದು ನಡುಚಳಿಗಾಲದಲ್ಲಿ, ವ್ಯಾಪಾರಿ ಕಳಿಸಿದ ಗಾಡಿಯಲ್ಲಿ, ಮೆತ್ತೆಯ ಮೇಲೆ ಕೂತು. ಮೇಲಿನ ಮೀನು ಕೊಯ್ದ, ಮೊಟ್ಟೆಯಿಲ್ಲ. ಕೆಳಗಿನದು ಕೊಯ್ದ, ಮೊಟ್ಟೆಯಿಲ್ಲ. "ಎರಡೂ ಒಂದೇ. ಬಣ್ಣದಿಂದ ಹೊಳೆಗೆ ತೊಂದರೆಯಿಲ್ಲ" ಎಂದು ತೀರ್ಪು ಕೊಟ್ಟು ಊಟಕ್ಕೆ ಕುಳಿತ. ಮೀನು ಹುರಿದು ಬಡಿಸಲು ವ್ಯಾಪಾರಿ ಆ ಮೀನುಗಾರ್ತಿಯನ್ನೇ ಕರೆಸಿದ್ದ. ಸೋತವಳು ಬಡಿಸಿದರೆ ಗೆದ್ದವನಿಗೆ ರುಚಿ ಹೆಚ್ಚು.

ಪರೀಕ್ಷಕ ಎಲೆ ನೋಡಿ ಮುಖ ಸಣ್ಣದು ಮಾಡಿದ. "ಇದೇನು ಯಜಮಾನರೇ, ಮೊಟ್ಟೆ ಇರುವ ಮೀನು ಒಂದೂ ಇಲ್ಲವಲ್ಲ!"

"ಚಳಿಗಾಲದಲ್ಲಿ ಯಾವ ಹೊಳೆಯ ಮೀನಿಗೆ ಸ್ವಾಮಿ ಮೊಟ್ಟೆ? ಮುಂಗಾರು ಬೀಳಬೇಕು" ಎಂದ ವ್ಯಾಪಾರಿ. ಅಂದ ಮೇಲೆ ನಾಲಿಗೆ ಕಚ್ಚಿಕೊಂಡ.

ಮೀನುಗಾರ್ತಿ ಸಟ್ಟುಗ ಎತ್ತಿದಳು. "ಕೇಳಿದಿರಾ ಬುದ್ಧಿ? ಹಾಗಾದರೆ ಮುಂಗಾರಿಗೆ ಬನ್ನಿ. ಮೇಲಿನದು ಒಂದೆಲೆ, ಕೆಳಗಿನದು ಒಂದೆಲೆ ಹುರಿದು ಬಡಿಸುತ್ತೇನೆ. ತೀರ್ಪು ನಿಮ್ಮ ನಾಲಿಗೆಯೇ ಕೊಡಲಿ."

ಪರೀಕ್ಷಕ ಮುಳ್ಳು ಬಿಡಿಸುತ್ತ ನಿಜವಾಗಿಯೂ ಯೋಚಿಸಿದ. "ಬರಬಹುದಿತ್ತು ತಾಯಿ. ಆದರೆ ಮಳೆಗಾಲದ ಕೆಸರಿನಲ್ಲಿ ಇವರು ಗಾಡಿ ಕಳಿಸುವುದಿಲ್ಲವಲ್ಲ!"

ಶಿಷ್ಯ ಹೊಟ್ಟೆ ಹಿಡಿದುಕೊಂಡು ನಕ್ಕ. "ಎಂಥ ಮುಠ್ಠಾಳ, ಗುರುಗಳೇ!"

ಅವನ ನಗು ಮುಗಿಯುವವರೆಗೆ ಕಾದು ಗುರು ಕೇಳಿದರು: "ನೀನು ಆ ಊರಿಗೆ ಹೋದದ್ದು ಯಾರ ಗಾಡಿಯಲ್ಲಿ ಹೇಳಪ್ಪ?"